ಮಹಾಮಾರಿಯ ದಿನಗಳಲ್ಲಿ ಕೊಟ್ಟಿಗೆಯ ಕಾವಲು

(ನವರಂಗಪುರದಲ್ಲಿ ಸೇರಿದ್ದ ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ದುಡಿಯುವವರ ಸಂಘದ ಸಭೆಯಲ್ಲಿ ದನಕರುಗಳ ರೋಗದ ವಿಚಾರವೇಕೆಂದು ನಿಮ್ಮಲ್ಲಿ ಕೆಲವರಿಗಾದರೂ ಅನ್ನಿಸಿರಬಹುದು. ಸಂಬಳ, ಬೋನಸ್ಸು, ಮನೆ ಬಾಡಿಗೆ, ಮಕ್ಕಳ ಶಾಲೆ ಇವುಗಳ ಮಾತು ಮುಗಿಯುವಷ್ಟರಲ್ಲಿಯೇ ನಮ್ಮ ಸಭೆಗಳ ಹೊತ್ತು ಕಳೆದುಹೋಗುವುದು ವಾಡಿಕೆ. ಇಂದು ಅವನ್ನು ತುಸು ಬದಿಗಿಟ್ಟು ಈ ವಿಚಾರವನ್ನು ಎತ್ತಿಕೊಂಡಿರುವುದಕ್ಕೆ ಕಾರಣವಿದೆ. ನಾವು ವೈದ್ಯರಲ್ಲ, ಪಶುವೈದ್ಯರೂ ಅಲ್ಲ. ಆದರೆ ಪ್ರಾಣಿಯಿಂದ ಮನುಷ್ಯನಿಗೆ ಬರುವ ರೋಗಗಳು ಮೊದಲು ಹಿಡಿಯುವುದು ಕೈಯಿಂದ ಕೆಲಸ ಮಾಡುವವರನ್ನು. ಹಾಲು ಕರೆಯುವವನನ್ನು, ಸಗಣಿ ಬಾಚುವವಳನ್ನು, ಮಾಂಸ ಕತ್ತರಿಸುವವನನ್ನು, ಆಸ್ಪತ್ರೆಯಲ್ಲಿ ರೋಗಿಯ ಹಾಸಿಗೆ ಬದಲಿಸುವ ನರ್ಸನ್ನು. ಹೀಗಿರುವಲ್ಲಿ ಇದು ದುಡಿಯುವವರ ಪ್ರಶ್ನೆಯಲ್ಲದೆ ಮತ್ತೇನು? 2020ರಲ್ಲಿ ಬಂದ ಕೊರೋನಾ ಮಹಾಮಾರಿಯು ಈ ರೋಗಗಳ ಮೇಲಿನ ಕಾವಲನ್ನು ಏನು ಮಾಡಿತು ಎಂಬುದನ್ನೇ ಇಂದು ನಿಮ್ಮ ಮುಂದಿಡಬೇಕೆಂದಿದ್ದೇವೆ.

ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ನಾವು ಕುಳಿತಿರುವ ಈ ನವರಂಗಪುರದಿಂದ ಸರ್ಖೇಜ್ ದಾಟಿ ಹೋದರೆ ಸಾಣಂದ ತಾಲ್ಲೂಕು ಸಿಕ್ಕುತ್ತದೆ. ಅಲ್ಲಿ ಕೋಲಟ್ ಎಂಬ ಹಳ್ಳಿ. 2011ರ ಜನವರಿಯಲ್ಲಿ ಆ ಹಳ್ಳಿಯ ಹೆಂಗಸೊಬ್ಬರು ಜ್ವರ ಬಂದು, ರಕ್ತಸ್ರಾವವಾಗಿ, ಅಹಮದಾಬಾದಿನ ಆಸ್ಪತ್ರೆಯೊಂದರಲ್ಲಿ ತೀರಿಕೊಂಡರು. ಅದೇ ತಿಂಗಳಲ್ಲಿ ಅವರನ್ನು ನೋಡಿಕೊಂಡ ವೈದ್ಯರೂ ಹೋದರು, ನರ್ಸೂ ಹೋದರು. ಇದಾವ ಜ್ವರ? ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯವರು ಪರೀಕ್ಷೆ ಮಾಡಿ ಹೇಳಿದರು: ಕ್ರಿಮಿಯನ್-ಕಾಂಗೊ ರಕ್ತಸ್ರಾವ ಜ್ವರ. ಜನರು ಅದನ್ನು ಕಾಂಗೊ ಜ್ವರವೆಂದೇ ಕರೆಯುತ್ತಾರೆ. ಇಂಡಿಯಾದಲ್ಲಿ ಮನುಷ್ಯರಲ್ಲಿ ಈ ರೋಗ ಖಚಿತವಾಗಿ ಗೊತ್ತಾದುದು ಅದೇ ಮೊದಲು.

ಈ ಜ್ವರದ ವಿಷಯದಲ್ಲಿ ಒಂದು ವಿಚಿತ್ರವುಂಟು. ದನ, ಎಮ್ಮೆ, ಆಡು, ಕುರಿಗಳ ಮೈಯಲ್ಲಿ ಇದರ ವೈರಾಣು ಸುಮಾರು ಒಂದು ವಾರ ಇದ್ದು ಹೋಗುತ್ತದೆ. ಆದರೆ ಪ್ರಾಣಿಗೆ ಏನೂ ಆಗುವುದಿಲ್ಲ. ಮೇವು ತಿನ್ನುತ್ತದೆ, ಹಾಲು ಕೊಡುತ್ತದೆ, ನೋಡುವವರ ಕಣ್ಣಿಗೆ ಆರೋಗ್ಯವಾಗಿಯೇ ಇರುತ್ತದೆ. ಅದರ ಮೈಮೇಲಿನ ಉಣ್ಣೆ ಮನುಷ್ಯನನ್ನು ಕಚ್ಚಿದರೆ, ಇಲ್ಲವೇ ಆ ಉಣ್ಣೆಯನ್ನು ಬರಿಗೈಯಲ್ಲಿ ಹಿಸುಕಿದರೆ, ಅಥವಾ ಪ್ರಾಣಿಯನ್ನು ಕಡಿದಾಗ ರಕ್ತ ತಗುಲಿದರೆ, ರೋಗ ನಮಗೆ ಬರುತ್ತದೆ. ಬಂದವರಲ್ಲಿ ನೂರಕ್ಕೆ 10ರಿಂದ 40 ಮಂದಿ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಎಲ್ಲೆಡೆ ಬಳಕೆಗೆ ಬಂದ ಲಸಿಕೆಯೂ ಇದಕ್ಕಿಲ್ಲ. ಹಾಗಾದರೆ ಕಾವಲೆಂದರೆ ಏನು? ಯಾರಾದರೊಬ್ಬರು ಕೊಟ್ಟಿಗೆಗೆ ನಡೆದು ಹೋಗಿ ದನದ ಕಿವಿಯ ಹಿಂದೆ, ಕೆಚ್ಚಲ ಸಂದಿಯಲ್ಲಿ ಉಣ್ಣೆ ಇದೆಯೇ ಎಂದು ನೋಡಬೇಕು, ಔಷಧಿ ಹೊಡೆಯಬೇಕು, ರಕ್ತದ ಮಾದರಿ ತೆಗೆಯಬೇಕು. ಜ್ವರದ ರೋಗಿ ಬಂದಾಗ ವೈದ್ಯರು "ಮನೆಯಲ್ಲಿ ದನ ಸಾಕಿದ್ದೀರಾ?" ಎಂದು ಕೇಳಬೇಕು. ಇಷ್ಟೇ. ಆದರೆ ಇಷ್ಟಕ್ಕೂ ಕಾಲು ಬೇಕು, ಪುರುಸೊತ್ತು ಬೇಕು.

ಕೋಲಟ್‌ನ ಅನಂತರ ಅಮ್ರೇಲಿ, ಸುರೇಂದ್ರನಗರ, ಕಚ್ಛ ಜಿಲ್ಲೆಗಳಲ್ಲಿಯೂ ಈ ಜ್ವರ ಕಾಣಿಸಿಕೊಂಡಿತು. 2019ರಲ್ಲಿ ಗುಜರಾತಿನಲ್ಲಿಯೂ ರಾಜಸ್ಥಾನದಲ್ಲಿಯೂ ಮತ್ತೆ ಸಾವುಗಳಾದುವು. ಅದರ ಮುಂದಿನ ವರ್ಷವೇ 2020.

ಆ ವರ್ಷ ಏನಾಯಿತೆಂಬುದನ್ನು ನಿಮಗೆ ನಾವು ಹೇಳಬೇಕೆ? ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬೀಗ ಹಾಕಿಕೊಂಡಿತು. ಮೇ 7ರಿಂದ ಒಂದು ವಾರಕ್ಕೂ ಹೆಚ್ಚು ಕಾಲ ಈ ಅಹಮದಾಬಾದಿನಲ್ಲಿ ಹಾಲು ಮತ್ತು ಔಷಧಿಯ ಅಂಗಡಿಗಳ ಹೊರತು ತರಕಾರಿಯ ಗಾಡಿಗೂ ಅವಕಾಶವಿರಲಿಲ್ಲ. ನಮ್ಮವರು ಕೆಲಸ ಮಾಡುತ್ತಿದ್ದ ಹೋಟೆಲುಗಳು ಮುಚ್ಚಿದುವು, ಒಲೆ ಆರಿತು, ಸಂಬಳ ನಿಂತಿತು. ಆದರೆ ಹಸುವಿಗೆ ಲಾಕ್‌ಡೌನ್ ತಿಳಿಯುವುದೇ? ಎರಡು ಹೊತ್ತು ಕರೆಯಲೇಬೇಕು. ಹೋಟೆಲು, ಮಿಠಾಯಿ ಅಂಗಡಿಗಳಿಗೆ ಹೋಗುತ್ತಿದ್ದ ಹಾಲೆಲ್ಲ ಸಹಕಾರ ಸಂಘಗಳ ಕಡೆಗೆ ತಿರುಗಿತು. ಇಲ್ಲಿನ ಡೇರಿಗಳು ಅದನ್ನು ತೆಗೆದುಕೊಂಡುವು. ಕರ್ನಾಟಕದಲ್ಲಿ ಉಳಿದ ಹಾಲನ್ನು ಸರಕಾರವು ಏಪ್ರಿಲಿನಲ್ಲಿ ಬಡವರ ಕೇರಿಗಳಲ್ಲಿ ಹಂಚಿಸಿತು. ಮೆಚ್ಚಬೇಕಾದ ಕೆಲಸವೇ. ಹಾಲಿನ ಲಾರಿ ಒಂದು ದಿನವೂ ನಿಲ್ಲಲಿಲ್ಲವೆಂದು ನಾವೆಲ್ಲ ಹೆಮ್ಮೆಪಟ್ಟೆವು. ಹಾಲು ಬರುವ ಕೊಟ್ಟಿಗೆಗೆ ಹೋಗಬೇಕಾದ ಲಸಿಕೆಯ ಪೆಟ್ಟಿಗೆಯ ಗತಿಯೇನೆಂದು ಆಗ ಕೇಳಿದವರು ಕಡಮೆ.

ಕಾಗದದ ಮೇಲೆ ಪಶು ಆಸ್ಪತ್ರೆಗಳಿಗೆ ವಿನಾಯಿತಿ ಇತ್ತು, ನಿಜ. ಕಾಲು ಮುರಿದ ಎತ್ತನ್ನು ತಂದರೆ ನೋಡುತ್ತಿದ್ದರು. ಆದರೆ ರೋಗ ತಡೆಯುವ ಕೆಲಸ ಆಸ್ಪತ್ರೆಯಲ್ಲಿ ಕುಳಿತು ಆಗುವುದಲ್ಲ. ಅದು ಊರಿಂದೂರಿಗೆ, ಮನೆಯಿಂದ ಮನೆಗೆ ಹೋಗುವ ಕೆಲಸ. ಆ ಹೋಗುವಿಕೆಗೇ ಕೊರೋನಾ ಅಡ್ಡಬಂದಿತು.

ಇದಕ್ಕೆ ಬ್ರುಸೆಲ್ಲೋಸಿಸ್ ರೋಗದಷ್ಟು ಸ್ಪಷ್ಟವಾದ ಉದಾಹರಣೆ ಬೇರೊಂದಿಲ್ಲ. ಹಳ್ಳಿಯಿಂದ ಬಂದವರಿಗೆ ಇದು ಗೊತ್ತು, ಹೆಸರು ಗೊತ್ತಿಲ್ಲದಿರಬಹುದು. ಗಬ್ಬದ ಹಸು ತಿಂಗಳು ತುಂಬುವ ಮೊದಲೇ ಕಂದು ಹಾಕುತ್ತದೆ. ಮಾಸು ಸರಿಯಾಗಿ ಬೀಳುವುದಿಲ್ಲ. ಮನೆಯವರು ಕೈಹಾಕಿ ತೆಗೆಯುತ್ತಾರೆ. ಆ ಕೈಯಿಂದಲೂ, ಕಾಯಿಸದ ಹಾಲಿನಿಂದಲೂ ರೋಗ ಮನುಷ್ಯನಿಗೆ ಬರುತ್ತದೆ. ಬಂದರೆ ಜ್ವರ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ರಾತ್ರಿ ಬೆವರು, ಕೀಲು ನೋವು, ಸೊಂಟ ನೋವು. ಟೈಫಾಯಿಡ್ ಎಂದೋ ಮಲೇರಿಯಾ ಎಂದೋ ಔಷಧಿ ನುಂಗುತ್ತ ತಿಂಗಳುಗಟ್ಟಲೆ ಕಳೆಯುವವರುಂಟು. ಸರಿಯಾಗಿ ಗುರುತಿಸಿದ ಮೇಲೂ ಎರಡು ಬಗೆಯ ಔಷಧಿಯನ್ನು ಆರು ವಾರ ಬಿಡದೆ ತೆಗೆದುಕೊಳ್ಳಬೇಕು. ದಿನಗೂಲಿಯವನಿಗೆ ಆರು ವಾರವೆಂದರೆ ಏನೆಂಬುದನ್ನು ಈ ಸಭೆಗೆ ವಿವರಿಸಬೇಕಾಗಿಲ್ಲ.

ಈ ರೋಗವನ್ನೂ ಕಾಲುಬಾಯಿ ಜ್ವರವನ್ನೂ ಹತೋಟಿಗೆ ತರಬೇಕೆಂದು ಕೇಂದ್ರ ಸರಕಾರವು 2019ರ ಸೆಪ್ಟೆಂಬರ್ 11ರಂದು ಮಥುರೆಯಲ್ಲಿ ಒಂದು ದೊಡ್ಡ ಕಾರ್ಯಕ್ರಮವನ್ನು ಆರಂಭಿಸಿತು. ಐದು ವರ್ಷಕ್ಕೆ 13,343 ಕೋಟಿ ರೂಪಾಯಿ. (ಕಾಲುಬಾಯಿ ಜ್ವರ ದನದ ರೋಗವೇ ಹೊರತು ಮನುಷ್ಯನದಲ್ಲ, 2022ರಲ್ಲಿ ಕಚ್ಛದ ದನಗಳನ್ನು ಸಾಲುಸಾಲಾಗಿ ಕೆಡವಿದ ಚರ್ಮಗಂಟು ರೋಗವೂ ಮನುಷ್ಯನಿಗೆ ಬರುವಂಥದಲ್ಲ. ದನಕ್ಕೆ ಬಂದುದೆಲ್ಲ ನಮಗೆ ಬರುತ್ತದೆಂದು ಹೆದರಬೇಕಾಗಿಲ್ಲ.) ಬ್ರುಸೆಲ್ಲೋಸಿಸ್ ಲಸಿಕೆಯ ಕ್ರಮ ಹೀಗೆ: ಹೆಣ್ಣು ಕರುವಿಗೆ ನಾಲ್ಕು ತಿಂಗಳು ತುಂಬಿದ ಮೇಲೆ, ಎಂಟು ತಿಂಗಳು ಮುಗಿಯುವ ಮೊದಲು, ಜನ್ಮದಲ್ಲಿ ಒಂದೇ ಸಲ ಹಾಕಬೇಕು. ಆ ವಯಸ್ಸು ದಾಟಿತೋ, ದಾಟಿತು. ದೊಡ್ಡ ಹಸುವಿಗೆ ಹಾಕಿದರೆ ಮುಂದೆ ರಕ್ತ ಪರೀಕ್ಷೆಯಲ್ಲಿ ರೋಗದ ಗುರುತು ಯಾವುದು, ಲಸಿಕೆಯ ಗುರುತು ಯಾವುದು ತಿಳಿಯದು. ಗಬ್ಬದ ಹಸುವಾದರೆ ಲಸಿಕೆಯಿಂದಲೇ ಕಂದು ಹಾಕಬಹುದು.

ಈಗ ಲೆಕ್ಕ ಹಾಕಿ ನೋಡಿ. 2019ರ ಡಿಸೆಂಬರ್ ನಡುವಿನಲ್ಲಿ ಹುಟ್ಟಿದ ಒಂದು ಹೆಣ್ಣು ಕರು. ಅದಕ್ಕೆ ನಾಲ್ಕು ತಿಂಗಳು ತುಂಬಿದುದು 2020ರ ಏಪ್ರಿಲ್ ನಡುವಿನಲ್ಲಿ, ಎಂಟು ತುಂಬಿದುದು ಆಗಸ್ಟಿನಲ್ಲಿ. ಅಂದರೆ ಅದರ ಬಾಗಿಲು ತೆರೆದಿದ್ದುದು ಕೊರೋನಾದ ಬಾಗಿಲು ಮುಚ್ಚಿದ್ದ ಕಾಲದಲ್ಲಿಯೇ. ಆಮೇಲೆ ಎಷ್ಟು ಕೋಟಿ ರೂಪಾಯಿ ತಂದರೂ, ಎಷ್ಟು ಜೀಪು ಓಡಿಸಿದರೂ ಆ ಕರುವಿಗೆ ಆ ತಿಂಗಳುಗಳನ್ನು ಹಿಂದಕ್ಕೆ ತಂದುಕೊಡಲು ಬರುವುದಿಲ್ಲ. ಅದು ಬೆಳೆದು ಮೊದಲ ಕರು ಹಾಕುವ ಹೊತ್ತಿಗೆ 2022 ಕಳೆದು 2023. ಆಗ ಕಂದು ಹಾಕಿದರೆ, ಆ ಮನೆಯ ಹೆಂಗಸಿಗೆ ಜ್ವರ ಬಂದರೆ, ಅದು 2020ರ ಬೇಸಿಗೆಯಲ್ಲಿ ಬಾರದೆ ಹೋದ ಲಸಿಕೆಯವನ ಫಲವೆಂದು ಯಾರಿಗೆ ತಾನೇ ಹೊಳೆದೀತು? ಕೊರೋನಾದಿಂದ ಸತ್ತವರ ಲೆಕ್ಕವನ್ನು ದಿನವೂ ಸಂಜೆ ಹೇಳುತ್ತಿದ್ದರು. ಈ ನಷ್ಟ ಯಾವ ಸಂಜೆಯ ಲೆಕ್ಕಕ್ಕೂ ಸೇರುವುದಿಲ್ಲ.

ಲಸಿಕೆ ಹಾಕುವವನ ಮಾತೂ ಇಲ್ಲಿ ಬರಬೇಕು. ಈ ಲಸಿಕೆಯಲ್ಲಿರುವುದು ಜೀವವಿರುವ ರೋಗಾಣು. ಸೂಜಿ ತಪ್ಪಿ ತನ್ನ ಕೈಗೆ ಚುಚ್ಚಿಕೊಂಡರೆ, ಕಣ್ಣಿಗೆ ಸಿಡಿದರೆ, ಹಾಕುವವನಿಗೇ ರೋಗ ಬರಬಹುದು. ಕೈಗವಸು, ಕನ್ನಡಕ, ಮುಸುಕು ಬೇಕೇ ಬೇಕು. 2020ರಲ್ಲಿ ಅವು ದೊಡ್ಡ ಆಸ್ಪತ್ರೆಗಳಿಗೇ ಸಾಲದೆ ಹೋದುವು. ಕೊಟ್ಟಿಗೆಗೆ ಹೋಗುವವನ ಸರದಿ ಎಲ್ಲಿಂದ ಬಂದೀತು? ಹಾಕಿದ ಡೋಸಿನ ಲೆಕ್ಕದಲ್ಲಿ ಗೌರವಧನ ಪಡೆಯುವ ಹಂಗಾಮಿಯವರೂ ಇವರಲ್ಲಿದ್ದಾರೆ. ಹೋಗದಿದ್ದರೆ ಹಣವಿಲ್ಲ, ಹೋದರೆ ರಕ್ಷಣೆಯಿಲ್ಲ. ಚೀನಾದ ಲಾನ್‌ಝೌ ನಗರದಲ್ಲಿ 2019ರಲ್ಲಿ ಇದೇ ರೋಗದ ಪಶುಲಸಿಕೆ ಮಾಡುವ ಕಾರ್ಖಾನೆಯೊಂದು ಅವಧಿ ಮೀರಿದ ಕ್ರಿಮಿನಾಶಕ ಬಳಸಿದ್ದರಿಂದ ಹೊಗೆಯೊಡನೆ ರೋಗಾಣು ಹೊರಗೆ ಹೋಗಿ, ಮರುವರ್ಷ ಎಣಿಸಿದಾಗ ಹತ್ತು ಸಾವಿರಕ್ಕೂ ಮಿಕ್ಕ ಜನರಿಗೆ ತಗುಲಿತ್ತು. ಕೆಲಸದ ಜಾಗದ ಸುರಕ್ಷತೆ ಎಂಬುದು ಗಿರಣಿಗೆ ಮಾತ್ರ ಸೇರಿದ ಮಾತಲ್ಲವೆಂದು ಇದರಿಂದ ತಿಳಿಯಬೇಕು.

ಇನ್ನು ನಮ್ಮ ಊರಿನ ಕಡೆಯ ಮಾತು. ಇಲ್ಲಿ ಶಿವಮೊಗ್ಗ, ಉತ್ತರ ಕನ್ನಡದ ಕಡೆಯಿಂದ ಬಂದವರಿದ್ದೀರಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದುವು, ಜನರಿಗೂ ಜ್ವರ ಬಂದಿತು. ಅದನ್ನು ಗುರುತಿಸಿದುದೂ ಪುಣೆಯ ಆ ಸಂಸ್ಥೆಯೇ. ಆಗ ಅದರ ಹೆಸರು ವೈರಸ್ ರಿಸರ್ಚ್ ಸೆಂಟರ್. ಮಂಗನ ಕಾಯಿಲೆ ಎಂದು ಹೆಸರು ಬಿದ್ದಿತಾದರೂ ಹೊರುವುದು ಉಣುಗು. ಕಾಡಿಗೆ ಮೇಯಲು ಹೋದ ದನದ ಮೈಮೇಲೆ ಉಣುಗು ಕುಳಿತು, ರಕ್ತ ಕುಡಿದು, ಹೆಚ್ಚುತ್ತದೆ. ದನಕ್ಕೆ ಏನೂ ಆಗುವುದಿಲ್ಲ. ತರಗೆಲೆ ಗುಡಿಸುವವರನ್ನು, ಸೌದೆ ಸೊಪ್ಪು ತರುವವರನ್ನು ಕಚ್ಚುತ್ತದೆ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಆದ ಸಾವುಗಳನ್ನು ನೀವು ಪತ್ರಿಕೆಗಳಲ್ಲಿ ಓದಿರುವಿರಿ.

ಮಂಗನ ಕಾಯಿಲೆಯ ಕಾಲ ಡಿಸೆಂಬರಿನಿಂದ ಮೇವರೆಗೆ. ಕೊರೋನಾದ ಮೊದಲ ಬೀಗವೂ ಮಾರ್ಚಿನಿಂದ ಮೇವರೆಗೆ. ತೀರ್ಥಹಳ್ಳಿ, ಸಿದ್ದಾಪುರದ ಕಡೆ ಆ ಬೇಸಿಗೆಯಲ್ಲಿ ಎರಡು ಜ್ವರಗಳೂ ಒಟ್ಟಿಗೇ ಇದ್ದುವು. ಬೆಂಗಳೂರು, ಮುಂಬಯಿಗಳಲ್ಲಿ ಕೆಲಸ ಕಳೆದುಕೊಂಡು ಊರಿಗೆ ಮರಳಿದವರು ಏನು ಮಾಡಬೇಕು? ತೋಟಕ್ಕೆ, ಬೆಟ್ಟಕ್ಕೆ ಹೋಗದೆ ವಿಧಿಯಿಲ್ಲ. ಮೈ ಬಿಸಿಯಾದರೆ ಹೇಳಿಕೊಳ್ಳಲು ಹೆದರಿಕೆ. ಜ್ವರವೆಂದರೆ ಎಲ್ಲಿ ಹಿಡಿದುಕೊಂಡು ಹೋಗಿ ಕ್ವಾರಂಟೈನಿನಲ್ಲಿ ಕೂಡಿಹಾಕುವರೋ ಎಂದು. ಮಂಗ ಸತ್ತ ಸುದ್ದಿಯನ್ನು ಮುಟ್ಟಿಸುತ್ತಿದ್ದ, ಮನೆಮನೆಗೆ ಹೋಗಿ ಜ್ವರ ವಿಚಾರಿಸುತ್ತಿದ್ದ ಆಶಾ ಕಾರ್ಯಕರ್ತೆಯೇ ಕೊರೋನಾದ ಸಮೀಕ್ಷೆಗೂ ಹೋಗಬೇಕಾಯಿತು. ಒಬ್ಬಳೇ ಹೆಂಗಸು, ಎರಡು ಕಾವಲು. 2020ರ ಜುಲೈ 10ರಿಂದ ಕರ್ನಾಟಕದ ಸಾವಿರಾರು ಮಂದಿ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನವೂ ರಕ್ಷಣೆಯ ಸಾಮಗ್ರಿಯೂ ಬೇಕೆಂದು ಮುಷ್ಕರ ಹೂಡಿದರು. ಮಹಾಮಾರಿಯ ನಡುವೆ ಮುಷ್ಕರವೇ ಎಂದು ಮೂಗು ಮುರಿದವರಿದ್ದರು. ನಮಗೆ ಮಾತ್ರ ಅದು ನ್ಯಾಯವಾದ ಬೇಡಿಕೆಯೆಂದೇ ತೋರಿತು. ಮಂಗನ ಕಾಯಿಲೆಗೆ ಬಳಸುತ್ತಿದ್ದ ಹಳೆಯ ಲಸಿಕೆಯನ್ನು ಸಾಕಷ್ಟು ಫಲಕಾರಿಯಲ್ಲವೆಂದು 2022ರಲ್ಲಿ ನಿಲ್ಲಿಸಿದ ಮೇಲಂತೂ ಆ ಹೆಂಗಸಿನ ಕಣ್ಣೇ ಅಲ್ಲಿನ ಮುಖ್ಯವಾದ ಕಾವಲಾಗಿ ಉಳಿಯಿತು.

ಸುಳ್ಳು ಭಯ ನಿಜವಾದ ಭಯವನ್ನು ಮುಚ್ಚುವುದನ್ನೂ ಆ ವರ್ಷ ಕಂಡೆವು. ಕೋಳಿ ತಿಂದರೆ ಕೊರೋನಾ ಬರುವುದೆಂಬ ಗಾಳಿಮಾತು ಹಬ್ಬಿ, ಕೋಳಿಯ ಬೆಲೆ ನೆಲಕಚ್ಚಿ, ಬೆಳಗಾವಿ ಜಿಲ್ಲೆಯಲ್ಲಿ ಸಾಕಣೆಗಾರರು ಜೀವಂತ ಕೋಳಿಗಳನ್ನು ಗುಂಡಿಗೆ ಹಾಕಿ ಮುಚ್ಚಿದರು. ಅದು ಶುದ್ಧ ಸುಳ್ಳು. ಅದೇ 2020ರ ಮಾರ್ಚಿನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿಯೂ ಹರಿಹರದ ಬನ್ನಿಕೋಡಿನಲ್ಲಿಯೂ ನಿಜವಾದ ಹಕ್ಕಿಜ್ವರ ಕಾಣಿಸಿಕೊಂಡಿತು. ಅದನ್ನು ಕೊರೋನಾದ ಗದ್ದಲದಲ್ಲಿ ನೆನಪಿಟ್ಟವರೆಷ್ಟು ಮಂದಿ?

ಕಾವಲು ಸಡಿಲವಾದರೆ ಏನಾಗುವುದೆಂಬುದನ್ನು ಗುಜರಾತು ಒಮ್ಮೆ ನೋಡಿದೆ. ನಮ್ಮ ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ 1966ರಲ್ಲಿ ಕಂಡ ಪ್ಲೇಗೇ ದೇಶದ ಕೊನೆಯದೆಂದು ಎಣಿಸಲಾಗಿತ್ತು. 28 ವರ್ಷ ಕಳೆದು 1994ರ ಸೆಪ್ಟೆಂಬರಿನಲ್ಲಿ ಸೂರತ್ತಿನಲ್ಲಿ ಪ್ಲೇಗೆಂಬ ಕೂಗೆದ್ದು, ಲಕ್ಷಾಂತರ ಕೆಲಸಗಾರರು ರೈಲು ಹತ್ತಿ ಓಡಿದರು. ಇಲಿಗಳ ಮೇಲಿನ, ಚಿಗಟಗಳ ಮೇಲಿನ ನಿಗಾ ಆ ನಡುವೆ ಬಡಕಲಾಗಿತ್ತೆಂದು ಆಗ ಅನೇಕರು ಎತ್ತಿ ತೋರಿಸಿದರು.

ಕೊರೋನಾದಿಂದ ಕೆಟ್ಟದ್ದೇ ಆಯಿತೆಂದು ಹೇಳಿದರೆ ನ್ಯಾಯವಾಗದು. 2020ರ ಜನವರಿಯಲ್ಲಿ ಹೊಸ ಜ್ವರದ ಪರೀಕ್ಷೆಗೆ ದೇಶಕ್ಕೆಲ್ಲ ಪುಣೆಯೊಂದೇ ಗತಿಯಾಗಿತ್ತು. ಕ್ಯಾಸನೂರಿಗೂ ಕೋಲಟ್‌ಗೂ ತೆರೆದಿದ್ದ ಬಾಗಿಲೇ ಅದು. ಜೂನ್ ಮುಗಿಯುವ ಹೊತ್ತಿಗೆ ಸಾವಿರ ಪ್ರಯೋಗಾಲಯಗಳಾಗಿದ್ದುವು. ಇಲ್ಲಿನ ಬಿ.ಜೆ. ಮೆಡಿಕಲ್ ಕಾಲೇಜು ಗುಜರಾತಿನಲ್ಲಿ ಮೊದಲು ಕೊರೋನಾ ಪರೀಕ್ಷೆ ಆರಂಭಿಸಿದವುಗಳಲ್ಲಿ ಒಂದು. ಭೋಪಾಲದಲ್ಲಿ ಪ್ರಾಣಿಗಳ ರೋಗಕ್ಕೆಂದೇ ಇರುವ ರಾಷ್ಟ್ರೀಯ ಪ್ರಯೋಗಾಲಯವು ಮನುಷ್ಯರ ಮಾದರಿಗಳನ್ನು ಪರೀಕ್ಷಿಸಿಕೊಟ್ಟಿತು. ಪಶುವೈದ್ಯಶಾಸ್ತ್ರ ಮನುಷ್ಯನ ನೆರವಿಗೆ ಬಂದುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆದರೆ ಆ ಕೈಗಳು ಇತ್ತ ದುಡಿಯುತ್ತಿದ್ದಾಗ ಅತ್ತ ಕೆಲಸ ಕಾಯುತ್ತಿತ್ತೆಂಬುದೂ ಅಷ್ಟೇ ನಿಜ.

ಎಚ್ಚರವಿದ್ದವರೂ ಇದ್ದರು. 2020ರ ಸೆಪ್ಟೆಂಬರಿನಲ್ಲಿ, ಕೊರೋನಾ ಏರಿಕೆಯಲ್ಲಿದ್ದಾಗಲೇ, ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯ ಪಶುಸಂಗೋಪನೆಯ ಅಧಿಕಾರಿಗಳು ಕಾಂಗೊ ಜ್ವರದ ಬಗ್ಗೆ ಸುತ್ತೋಲೆ ಹೊರಡಿಸಿದರು: ಗುಜರಾತಿನ ಕೆಲವು ಜಿಲ್ಲೆಗಳಲ್ಲಿ ರೋಗ ಕಂಡಿದೆ, ಪಾಲ್ಘರ್ ವಲಸಾಡಿನ ಗಡಿಗೆ ತಾಗಿದೆ, ದನ ಸಾಕುವವರೂ ಮಾಂಸ ಮಾರುವವರೂ ಜೋಪಾನವೆಂದು. ಒಂದು ಸುತ್ತೋಲೆ ತಾನೇ ಎನ್ನಬೇಡಿ. ಎಲ್ಲರೂ ಒಂದೇ ದಿಕ್ಕಿಗೆ ನೋಡುತ್ತಿರುವಾಗ ಇನ್ನೊಂದು ದಿಕ್ಕಿಗೆ ಒಬ್ಬನಾದರೂ ಮುಖಮಾಡಿ ನಿಂತಿರಬೇಕು. 2022ರ ಜೂನಿನಲ್ಲಿ ಮನುಷ್ಯರ ಆರೋಗ್ಯ, ಪ್ರಾಣಿಗಳ ಆರೋಗ್ಯ, ಕಾಡು ಈ ಮೂರು ಇಲಾಖೆಗಳನ್ನು ಒಟ್ಟು ಕೂಡಿಸಿ ನೋಡುವ 'ಒನ್ ಹೆಲ್ತ್' ಪ್ರಯೋಗವನ್ನು ಬೆಂಗಳೂರಿನಲ್ಲಿ ಆರಂಭಿಸಿದರು. ಆ ವರ್ಷದ ಡಿಸೆಂಬರಿನಲ್ಲಿ ನಾಗಪುರದಲ್ಲಿ ಅದಕ್ಕೆಂದೇ ಒಂದು ರಾಷ್ಟ್ರೀಯ ಸಂಸ್ಥೆಗೆ ಅಡಿಗಲ್ಲು ಬಿದ್ದಿತು. ಒಳ್ಳೆಯದು. ಕಟ್ಟಡ ಏಳಲಿ. ನಮ್ಮ ಪ್ರಶ್ನೆ ಕಟ್ಟಡದ್ದಲ್ಲ, ಕೊಟ್ಟಿಗೆಗೆ ಹೋಗುವ ಕಾಲಿನದು. ಮುಂದೆ ಇಂಥ ಮಹಾಮಾರಿ ಬಂದಾಗ ಹಾಲಿನ ಲಾರಿಗೆ ಕೊಡುವ ಪಾಸನ್ನು ಲಸಿಕೆಯವನಿಗೂ ಕೊಡಬೇಕು. ವೈದ್ಯರಿಗೆ ಕೊಡುವ ಕೈಗವಸನ್ನು ಅವನಿಗೂ ಕೊಡಬೇಕು. ಹಂಗಾಮಿಯವನು ರೋಗದಿಂದ ಮಲಗಿದರೆ ಆರು ವಾರದ ಸಂಬಳ ಕೊಡಬೇಕು. ಬಾಗಿಲು ತೆರೆದೊಡನೆ ಎಂಟು ತಿಂಗಳು ಮುಗಿಯುತ್ತಿರುವ ಕರುಗಳನ್ನು ಮೊದಲು ಹುಡುಕಿ ಹಾಕಬೇಕು.

ನಮ್ಮ ಪಾಲಿನದೂ ಸ್ವಲ್ಪವಿದೆ. ಹೋಟೆಲಿನಲ್ಲಿರುವವರು ಬಿಡಿ ಹಾಲನ್ನು ಉಕ್ಕಿ ಬರುವವರೆಗೆ ಕಾಯಿಸದೆ ಯಾವುದಕ್ಕೂ ಬಳಸಬೇಡಿ. ಗಡಿಬಿಡಿಯಲ್ಲಿ ಬೆಚ್ಚಗೆ ಮಾಡಿ ಹೆಪ್ಪು ಹಾಕುವ ರೂಢಿ ಕೆಲವು ಕಡೆ ಇದೆಯೆಂದು ಕೇಳಿದ್ದೇವೆ. ಬೇಸಿಗೆಗೆ ಊರಿಗೆ ಹೋಗುವವರು ಉಣುಗನ್ನು ಬೆರಳಲ್ಲಿ ಹೊಸಕಬೇಡಿ. ಜ್ವರ ಬಂದು ಆಸ್ಪತ್ರೆಗೆ ಹೋದರೆ ವೈದ್ಯರು ಕೇಳಲಿ ಬಿಡಲಿ, ಮನೆಯಲ್ಲಿ ದನವಿದೆ, ಕಾಡಿಗೆ ಹೋಗಿದ್ದೆ, ಕಂದು ಹಾಕಿದ ಹಸುವನ್ನು ಮುಟ್ಟಿದ್ದೆ ಎಂದು ನೀವೇ ಹೇಳಿ. ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ನಮ್ಮ ಸೋದರಿಯರಿಗೆ ಕೋಲಟ್‌ನ ನೆನಪಿರಲಿ. ರಕ್ತಸ್ರಾವದ ಜ್ವರವೆಂದರೆ ಕೈಗವಸಿಲ್ಲದೆ ಮುಟ್ಟುವುದಿಲ್ಲವೆನ್ನುವ ಹಕ್ಕು ನಿಮಗಿದೆ. ಯಾರಾದರೂ ಆಕ್ಷೇಪಿಸಿದರೆ ಸಂಘಕ್ಕೆ ತಿಳಿಸಿ.

ಲಸಿಕೆ ಹಾಕುವವರ ಪಾಸು, ಕೈಗವಸು, ಸಂಬಳ ಈ ಮೂರನ್ನು ಕುರಿತು ಎರಡೂ ರಾಜ್ಯಗಳ ಪಶುಸಂಗೋಪನೆಯ ಇಲಾಖೆಗಳಿಗೆ ಕಳುಹಿಸಬೇಕಾದ ಅರ್ಜಿಯೊಂದನ್ನು ಕನ್ನಡದಲ್ಲಿಯೂ ಗುಜರಾತಿಯಲ್ಲಿಯೂ ಬರೆದಿಟ್ಟಿದೆ. ಅಗೋ, ಆ ಮೇಜಿನ ಮೇಲಿದೆ. ಓದಿ ಒಪ್ಪಿದವರು ಹೋಗುವ ಮುನ್ನ ಸಹಿ ಮಾಡಿ ಹೋಗಬೇಕೆಂದು ಕೇಳಿಕೊಳ್ಳುತ್ತೇವೆ.